ಇಳಿಜಾರಿನಲ್ಲಿ ಕ್ಲಚ್ ಒತ್ತಿದವರು

ಮೊದಲು ಅದನ್ನು ಹೇಳಿದವರು ಜಯನಗರದ ಒಬ್ಬ ನಿವೃತ್ತ ಗಣಿತದ ಟೀಚರ್. ಅರವತ್ತು ದಾಟಿದ ಮೇಲೆ ಕಾರು ಕಲಿಯಲು ಬಂದಿದ್ದರು. ಪ್ರತಿ ಕ್ಲಾಸ್ ಮುಗಿದ ಮೇಲೂ ಕಾರಿನಲ್ಲೇ ಕೂತು, ಆವತ್ತು ಮಾಡಿದ ತಪ್ಪುಗಳನ್ನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

ನಾನು ಜೆ.ಪಿ. ನಗರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಕಲಿಸುತ್ತಿದ್ದೇನೆ. ಹೆಂಗಸೇ ಕಲಿಸಬೇಕು ಎಂದು ಕೇಳಿಕೊಂಡು ಬರುವವರೆಲ್ಲ ನನ್ನ ಪಾಲು. ಬೆಳಿಗ್ಗೆ ಆರೂವರೆಯಿಂದ ಹತ್ತರವರೆಗೆ ಒಬ್ಬರ ಹಿಂದೆ ಒಬ್ಬರು. ಸಾರಕ್ಕಿ ಸಿಗ್ನಲ್ಲಿನಲ್ಲಿ ಗಾಡಿಗಳು ಸೇರುವ ಮೊದಲೇ ಅದನ್ನು ದಾಟಿ, ಕನಕಪುರ ರಸ್ತೆ ಹಿಡಿದು ಅಂಜನಾಪುರದ ಕಡೆ ಹೋದರೆ ಅಗಲವಾದ, ಜನ ಕಡಿಮೆ ಇರುವ ರಸ್ತೆಗಳು ಸಿಗುತ್ತವೆ. ಅಲ್ಲಿ ಒಂದು ರಸ್ತೆ ಕೆರೆಯ ಕಡೆಗೆ ಇಳಿಯುತ್ತದೆ. ಒಂದು ಪಕ್ಕ ಟ್ರಾನ್ಸ್‌ಫಾರ್ಮರ್, ಇನ್ನೊಂದು ಪಕ್ಕ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟ ಅಪಾರ್ಟ್‌ಮೆಂಟಿನ ಉದ್ದನೆಯ ಕಾಂಪೌಂಡು. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಇಳಿಯುವುದನ್ನು ಅಲ್ಲೇ ಹೇಳಿಕೊಡುವುದು. ಗೇರಿನಲ್ಲಿದ್ದಾಗ ಎಂಜಿನ್ನೇ ಕಾರನ್ನು ಹಿಡಿದುಕೊಂಡಿರುತ್ತದೆ, ಕ್ಲಚ್ ಒತ್ತಿದರೆ ಆ ಹಿಡಿತ ಬಿಟ್ಟುಹೋಗಿ ಕಾರು ಜಾರುತ್ತದೆ, ಆದ್ದರಿಂದ ಇಳಿಯುವಾಗ ಕ್ಲಚ್ ಮುಟ್ಟಬೇಡಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಆ ಬೆಳಿಗ್ಗೆ ಟೀಚರ್ ಸರಿಯಾಗಿಯೇ ಇಳಿಸುತ್ತಿದ್ದರು. ಟ್ರಾನ್ಸ್‌ಫಾರ್ಮರ್ ದಾಟಿದ ಕೂಡಲೇ ಎಂಜಿನ್ನಿನ ಸದ್ದು ಸಣ್ಣಗಾಯಿತು. ಕಾರು ಹಗುರವಾಗಿ, ಯಾರೋ ಕೈಬಿಟ್ಟ ಹಾಗೆ ಮುಂದಕ್ಕೆ ಜಾರಿತು. ಮೂರು ನಾಲ್ಕು ಸೆಕೆಂಡು. ಆಮೇಲೆ ಒಂದು ಎಳೆತ ಎಳೆದು ಮತ್ತೆ ಗೇರು ಹಿಡಿಯಿತು. ಟೀಚರ್ ಕಾರನ್ನು ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದರು.

"ಈಗ ನೀವು ಕ್ಲಚ್ ಒತ್ತಿದ್ರಾ?" ಎಂದು ಕೇಳಿದರು.

ನಮ್ಮ ಕಾರುಗಳಲ್ಲಿ ಕಲಿಸುವವರು ಕೂರುವ ಎಡಗಡೆಯ ಸೀಟಿನ ಮುಂದೆಯೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಅವನ್ನು ಕಬ್ಬಿಣದ ರಾಡಿನಿಂದ ಆಚೆ ಕಡೆಯ ಪೆಡಲ್‌ಗಳಿಗೆ ಜೋಡಿಸಿರುತ್ತಾರೆ. ನಾನು ಒತ್ತಿದರೆ ಕಲಿಯುವವರ ಪೆಡಲ್ಲೂ ಒಳಗೆ ಹೋಗುತ್ತದೆ. ಹಾಗಾಗಿ ಅವರು ಕೇಳಿದ್ದು ತಪ್ಪಲ್ಲ. ಆದರೆ ನಾನು ಒತ್ತಿರಲಿಲ್ಲ. ಬಗ್ಗಿ ನೋಡಿದೆ. ನನ್ನ ಎರಡೂ ಕಾಲು ಮ್ಯಾಟಿನ ಮೇಲೆ ಅಕ್ಕಪಕ್ಕದಲ್ಲಿ ಸುಮ್ಮನಿದ್ದವು. ಇಲ್ಲ ಎಂದೆ. ಪೆಡಲ್ ತನ್ನಷ್ಟಕ್ಕೆ ತಾನೇ ಒಳಗೆ ಹೋಯಿತೆಂದೂ, ತಮ್ಮ ಕಾಲು ಅದಕ್ಕೆ ಸುಮ್ಮನೆ ತಾಗಿತ್ತಷ್ಟೇ ಎಂದೂ ಅವರು ಹೇಳಿದರು. ಹೊಸಬರಿಗೆ ಹಾಗನ್ನಿಸುತ್ತದೆ ಮೇಡಂ, ಕಾಲು ಎಲ್ಲಿದೆ ಅಂತ ಗೊತ್ತಾಗೋದಿಲ್ಲ ಎಂದು ಸಮಾಧಾನ ಹೇಳಿದೆ. ಅವರು ಒಪ್ಪಿದ ಹಾಗೆ ಕಾಣಲಿಲ್ಲ, ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು.

ಅದೇ ವಾರ ಇನ್ನೊಬ್ಬಳು, ನರ್ಸಿಂಗ್ ಓದುವ ಹುಡುಗಿ, ಅದೇ ಮಾತು ಹೇಳಿದಳು. ಅವಳು ಸ್ವಲ್ಪ ಹೆದರಿದ್ದಳು. ತನ್ನ ಕಾಲಿನ ಕೆಳಗೆ ಇನ್ನೊಂದು ಕಾಲು ಇದ್ದ ಹಾಗಾಯಿತು ಎಂದಳು. ನನಗೆ ಆ ಮಾತು ಹಿಡಿಸಲಿಲ್ಲ. ಮಧ್ಯಾಹ್ನವೇ ಕಾರನ್ನು ಸಾರಕ್ಕಿಯ ಗ್ಯಾರೇಜಿಗೆ ತೆಗೆದುಕೊಂಡು ಹೋದೆ.

ಆ ಮೆಕ್ಯಾನಿಕ್ ಸ್ಕೂಲಿನ ಕಾರುಗಳನ್ನೆಲ್ಲ ಮೊದಲಿನಿಂದ ನೋಡಿಕೊಳ್ಳುತ್ತಿದ್ದವರು. ಐವತ್ತೈದರ ಆಸುಪಾಸು, ಮಾತು ಕಡಿಮೆ. ಕ್ಲಚ್ ಪೆಡಲ್ಲನ್ನು ಕೈಯಿಂದಲೇ ಮೆಲ್ಲಗೆ ಒತ್ತಿ ನೋಡಿದರು. ಮೊದಲ ಒಂದು ಇಂಚು ಸಡಿಲವಾಗಿ ಹೋಗಬೇಕು, ಆಮೇಲೆ ಬಿಗಿ ಸಿಗಬೇಕು. ನಮ್ಮದರಲ್ಲಿ ಸಡಿಲ ಇರಲೇ ಇಲ್ಲ, ಮುಟ್ಟಿದ ಕೂಡಲೇ ಬಿಗಿ. ಬಾನೆಟ್ ಎತ್ತಿ, ಕೇಬಲ್ಲಿನ ತುದಿಯ ನಟ್ಟನ್ನು ಬಿಚ್ಚಿ ತಿರುಗಿಸಿ, ಸಡಿಲ ಕೊಟ್ಟು ಮತ್ತೆ ಬಿಗಿಮಾಡಿದರು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕನೇ ಗೇರಿಗೆ ಹಾಕಿ, ಕ್ಲಚ್ಚನ್ನು ಬಿಟ್ಟರು. ಎಂಜಿನ್ ತಕ್ಷಣ ನಿಂತುಹೋಯಿತು. ಕ್ಲಚ್ಚಿನ ಪ್ಲೇಟು ಇನ್ನೂ ಹಿಡಿಯುತ್ತಿದೆ ಎನ್ನುವುದಕ್ಕೆ ಅದು ಗುರುತು. ಕೈ ಒರೆಸಿಕೊಳ್ಳುತ್ತ, ಯಾರೋ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇರುತ್ತಾರೆ, ಪ್ಲೇಟು ಸವೆದಿದೆ, ಹುಡುಗಿಯರಿಗೆ ಸ್ವಲ್ಪ ಹೇಳಿ ಎಂದರು.

ಹೇಳಿದೆ. ಎರಡು ದಿನ ಸರಿಯಿತ್ತು. ಮೂರನೆಯ ದಿನ ಟೀಚರ್ ಇಳಿಸುತ್ತಿದ್ದಾಗ ಮತ್ತೆ ಅದೇ. ಎಂಜಿನ್ ಸದ್ದು ಅಡಗಿತು, ಕಾರು ಜಾರಿತು. ಈ ಸಲ ಅವರು ಕೆಳಗೆ ಹೋಗಿ ಕಾರು ನಿಲ್ಲಿಸಿ, ನೋಟ್‌ಬುಕ್ ತೆಗೆದು ನನ್ನ ಮುಂದೆ ಹಿಡಿದರು. ಅಷ್ಟು ದಿನ ಅದು ಆದಾಗಲೆಲ್ಲ ಎಲ್ಲಿ ಆಯಿತು ಎಂದು ಬರೆದಿಟ್ಟಿದ್ದರು. ಅವರ ಪಾಠದಲ್ಲೇ ನಾಲ್ಕು ಸಲ. ನಾಲ್ಕೂ ಸಲ ಟ್ರಾನ್ಸ್‌ಫಾರ್ಮರಿಗೂ ಕಾಂಪೌಂಡಿನ ಗೇಟಿಗೂ ನಡುವೆ.

"ಕಾರು ಕೆಟ್ಟಿದ್ರೆ ಎಲ್ಲಾದ್ರೂ ಕೆಡಬೇಕಲ್ವಾ," ಎಂದರು. "ಇದೊಂದೇ ಜಾಗದಲ್ಲಿ ಯಾಕೆ?"

ಮೆಕ್ಯಾನಿಕ್ ಕೇಬಲ್ಲನ್ನೇ ಬದಲಿಸಿದರು. ಪೆಡಲ್ ಎಳೆಯುವ ಸ್ಪ್ರಿಂಗ್ ಬದಲಿಸಿದರು. ಗೇರ್‌ಬಾಕ್ಸ್ ಇಳಿಸಿ ಪ್ಲೇಟು ತೆಗೆದು ತೋರಿಸಿದರು. ಅಂಚು ಕಪ್ಪಾಗಿ ಹೊಳೆಯುತ್ತಿತ್ತು, ಹತ್ತಿರ ಹಿಡಿದರೆ ಸುಟ್ಟ ವಾಸನೆ. ಹೊಸದು ಹಾಕಿದರು. ಸ್ಕೂಲಿನ ಮಾಲೀಕರು ಇದನ್ನೆಲ್ಲ ಕೇಳಿ, ಒಂದು ಶುಕ್ರವಾರ ಕಾರಿನ ಮುಂದೆ ಬೂದುಗುಂಬಳಕಾಯಿ ಒಡೆಸಿದರು. ಅದರ ಮಾರನೆಯ ದಿನವೂ ಆಯಿತು.

ನನಗೆ ಭಯ ಶುರುವಾದದ್ದು ಆಗ. ಹಾಡಹಗಲು, ಪಕ್ಕದಲ್ಲಿ ಜೀವಂತ ಮನುಷ್ಯರು, ಎದುರಿಗೆ ಹಾಲಿನ ಗಾಡಿ, ವಾಕಿಂಗ್ ಹೋಗುವವರು. ಆದರೂ ಆ ಟ್ರಾನ್ಸ್‌ಫಾರ್ಮರ್ ಹತ್ತಿರ ಬರುತ್ತಿದ್ದಂತೆ ನನ್ನ ಕತ್ತಿನ ಹಿಂದೆ ತಣ್ಣಗಾಗುತ್ತಿತ್ತು. ಪೆಡಲ್ ಹೋಗುವುದನ್ನು ಕಣ್ಣಾರೆ ನೋಡಬೇಕೆಂದು ಎಷ್ಟು ಸಲ ಅಂದುಕೊಂಡರೂ ನೋಡಲಾಗಲಿಲ್ಲ. ಆ ಜಾಗದಲ್ಲಿ ನನ್ನ ಕಣ್ಣು ತಾನಾಗಿ ರಸ್ತೆಯ ಎಡಗಡೆಗೆ ಹೋಗುತ್ತಿತ್ತು. ಸದ್ದು ಅಡಗಿದ ಮೇಲೆ, ಮತ್ತೆ ಗೇರು ಹಿಡಿದ ಮೇಲೆ ಬಗ್ಗಿ ನೋಡಿದರೆ, ಚಪ್ಪಲಿ ಹಾಕಿದ ನನ್ನ ಕಾಲುಗಳು ಬಾಗಿಲ ಹೊರಗೆ ಬಿಟ್ಟ ಜೋಡಿಯ ಹಾಗೆ ಸಮನಾಗಿ ಕೂತಿರುತ್ತಿದ್ದವು.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ತಾವೇ ಓಡಿಸಿ ನೋಡುತ್ತೇನೆಂದರು. ನಾನು ನನ್ನ ಸೀಟಿನಲ್ಲೇ ಕೂತೆ. ಇಳಿಜಾರಿನಲ್ಲಿ ಅವರ ಕಾಲಿನ ಕೆಳಗೂ ಪೆಡಲ್ ಹೋಯಿತು. ಅವರು ಕೆಳಗೆ ಕಾರು ನಿಲ್ಲಿಸಿ, ಸ್ಪ್ಯಾನರ್ ತೆಗೆದು, ಎರಡೂ ಕಡೆಯ ಕ್ಲಚ್ಚನ್ನು ಕೂಡಿಸುವ ರಾಡನ್ನು ಕಳಚಿದರು. ಈಗ ನನ್ನ ಕಡೆಯ ಕ್ಲಚ್ಚಿಗೂ ಕಾರಿಗೂ ಸಂಬಂಧವಿಲ್ಲ. ಮತ್ತೆ ಮೇಲೆ ಹೋಗಿ ಇಳಿಸಿದರು. ಕಾರು ಗೇರಿನಲ್ಲೇ ಗುಂಯ್ ಎನ್ನುತ್ತ ಕೊನೆಯವರೆಗೂ ಇಳಿಯಿತು. ಅಂದರೆ ತೊಂದರೆ ನನ್ನ ಕಡೆಯ ಪೆಡಲ್ಲಿನಲ್ಲಿದೆ ಎಂದಾಯಿತು. ನನಗೆ ಹಗುರವಾಯಿತು. ಪೆಡಲ್ ಕೆಟ್ಟಿದ್ದರೆ ಬದಲಿಸಬಹುದು.

ಅವರು ಆ ಪೆಡಲ್ಲನ್ನು ಅಲ್ಲಾಡಿಸಿ ನೋಡಿದರು, ಟಾರ್ಚ್ ಬಿಟ್ಟು ನೋಡಿದರು. ಎಲ್ಲ ಸರಿಯಾಗಿತ್ತು. ರಾಡು ಮತ್ತೆ ಜೋಡಿಸಿ, ತಮ್ಮ ಫೋನಿನಲ್ಲಿ ವಿಡಿಯೊ ಶುರುಮಾಡಿ, ನನ್ನ ಬಾಗಿಲಿನ ಕೆಳಗಿನ ಖಾನೆಯಲ್ಲಿ ನಿಲ್ಲಿಸಿದರು. ಮೂರನೆಯ ಸಲ ಇಳಿಸಿದರು. ಸದ್ದು ಅಡಗಿತು, ಕಾರು ಜಾರಿತು, ಮತ್ತೆ ಹಿಡಿಯಿತು.

ಕೆಳಗೆ ನಿಲ್ಲಿಸಿ ಅವರು ಮೊದಲು ತಾವೊಬ್ಬರೇ ನೋಡಿದರು. ಆಮೇಲೆ ಫೋನನ್ನು ನನ್ನ ಕೈಗೆ ಕೊಡುವ ಮುಂಚೆ, ಮನೆಯವರಿಗೆ ಕಾಯಿಲೆಯ ಸುದ್ದಿ ಹೇಳುವ ಹಾಗೆ ಮೆಲ್ಲಗೆ ಹೇಳಿದರು:

"ಒತ್ತಿದ್ದು ನೀವೇ ಮೇಡಂ."

ವಿಡಿಯೊದಲ್ಲಿ ಎರಡು ಕಾಲುಗಳಿದ್ದವು. ನನ್ನ ಚಪ್ಪಲಿ, ನನ್ನ ಚೂಡಿದಾರದ ಅಂಚು. ಎಡಗಾಲು ಮೆಲ್ಲಗೆ ಎದ್ದಿತು. ಗಾಬರಿಯ ಚುರುಕು ಅದಕ್ಕಿರಲಿಲ್ಲ, ನಿದ್ದೆಯಲ್ಲಿ ಹೊದಿಕೆ ಸರಿಸುವ ನಿಧಾನ. ಪೆಡಲ್ ಮೇಲೆ ಕೂತಿತು, ಪೂರ್ತಿ ಒತ್ತಿತು, ಹಾಗೆಯೇ ಹಿಡಿದಿತ್ತು. ಆಮೇಲೆ ಬಿಟ್ಟು, ಹಿಂದಕ್ಕೆ ಬಂದು, ಬಲಗಾಲಿನ ಪಕ್ಕಕ್ಕೆ ಸಮನಾಗಿ ಸೇರಿಕೊಂಡಿತು. ಅದೇ ಹೊತ್ತಿನಲ್ಲಿ ಮೇಲಿನಿಂದ ನನ್ನ ಧ್ವನಿ ಕೇಳಿಸುತ್ತಿತ್ತು. "ನೋಡಿ, ಈಗ ಹೋಯ್ತು, ನೋಡಿದ್ರಾ," ಎಂದು ನಾನೇ ಹೇಳುತ್ತಿದ್ದೆ.

ಮೂರು ಸಲ ನೋಡಿದೆ. ನನ್ನ ಕಾಲು ನೋಡಿದ ಹಾಗೆ ಅನ್ನಿಸಲಿಲ್ಲ. ಕಾರಿನಿಂದ ಇಳಿದು ಕಾಂಪೌಂಡಿಗೆ ಒರಗಿ ನಿಂತೆ. ಎಡಗಾಲಿನ ಮೇಲೆ ಭಾರ ಹಾಕಲು ಮನಸ್ಸಾಗಲಿಲ್ಲ. ಮೆಕ್ಯಾನಿಕ್ ಎಲ್ಲಿಂದಲೋ ನೀರಿನ ಬಾಟಲಿ ತಂದುಕೊಟ್ಟು, ಇದನ್ನು ಯಾರಿಗೂ ಹೇಳುವುದಿಲ್ಲ ಎಂದರು. ನಾನು ಕೇಳದೆಯೇ ಆ ವಿಡಿಯೊ ಅಳಿಸಿಹಾಕಿದರು.

ನರದ ಡಾಕ್ಟರಿಗೆ ತೋರಿಸಿದೆ. ಮಂಡಿಗೆ ತಟ್ಟಿ, ಪಾದಕ್ಕೆ ಗೀಚಿ, ನಡೆಸಿ ನೋಡಿ, ಕಾಲಿಗೇನೂ ಆಗಿಲ್ಲ ಎಂದರು. ಆ ಜಾಗದಲ್ಲಿ ಹಿಂದೆ ಏನಾದರೂ ಆಗಿತ್ತೇ ಎಂದು ಕೇಳಿದರು. ಸಣ್ಣ ಆಕ್ಸಿಡೆಂಟ್ ಆಗಿತ್ತು, ನನಗಲ್ಲ, ಕಲಿಯಲು ಬಂದ ಹುಡುಗಿಯಿಂದ ಎಂದೆ. ಹಾಗೆನ್ನುತ್ತಿದ್ದಾಗ ನನ್ನ ನಾಲಿಗೆ ಒಣಗಿದ್ದು ನನಗೇ ಗೊತ್ತಾಯಿತು.

ಎರಡು ವರ್ಷದ ಹಿಂದಿನ ಮಾತು. ಅದು ಬೇರೆ ಕಾರು, ಆಮೇಲೆ ಮಾರಿಹೋಯಿತು. ರಸ್ತೆ ಇದೇ. ಕಲಬುರಗಿ ಕಡೆಯ ಒಬ್ಬ ಹೆಣ್ಣುಮಗಳು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದು ಆಫೀಸೊಂದರಲ್ಲಿ ಕೆಲಸ ಮಾಡುತ್ತಿದ್ದವಳು, ಅವತ್ತು ಓಡಿಸುತ್ತಿದ್ದಳು. ಆಗ ಟ್ರಾನ್ಸ್‌ಫಾರ್ಮರಿನಿಂದ ಸ್ವಲ್ಪ ಕೆಳಗೆ ಒಬ್ಬ ಅಜ್ಜಿ ಗೋಣಿಚೀಲ ಹಾಸಿ ಸೊಪ್ಪು ಮಾರುತ್ತಿದ್ದರು. ಎದುರಿಗೆ ಟ್ರ್ಯಾಕ್ಟರ್ ಬಂತು. ಹುಡುಗಿ ಎಡಕ್ಕೆ ಎಳೆದಳು. ಅಜ್ಜಿ ಕಾಣಿಸಿದರು. ನಾನು ಬ್ರೇಕ್ ಒತ್ತಬೇಕಿತ್ತು. ಒತ್ತಿದ್ದು ಕ್ಲಚ್. ಎಡಗಾಲು ಮೊದಲು ಹೋಯಿತು, ಬಲಗಾಲು ಹೋಗಲಿಲ್ಲ. ಎಂಜಿನ್ನಿನ ಹಿಡಿತ ಬಿಟ್ಟ ಕಾರು ಸದ್ದಿಲ್ಲದೆ ಜಾರಿತು. ಬ್ರೇಕ್ ಒತ್ತುವಷ್ಟರಲ್ಲಿ ಬಂಪರ್ ಅಜ್ಜಿಯನ್ನು ಪಕ್ಕಕ್ಕೆ ತಳ್ಳಿತ್ತು. ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಕೈಗೆ ಕಟ್ಟು ಹಾಕಿಸಿಕೊಳ್ಳುತ್ತ ಅಜ್ಜಿ, ಆ ಮಗೂನ ಬೈಬೇಡಿ ಎಂದು ನನಗೇ ಹೇಳಿದರು.

ನಾನು ಬೈದಿರಲಿಲ್ಲ. ಎಲ್ಲರ ಮುಂದೆ ಶಾಂತವಾಗಿ, ಹುಡುಗಿ ಗಾಬರಿಯಾಗಿ ಕ್ಲಚ್ ಒತ್ತಿಬಿಟ್ಟಳು, ನಾನು ಬ್ರೇಕ್ ಹಾಕಿದ್ದರಿಂದ ಇಷ್ಟರಲ್ಲೇ ಉಳಿಯಿತು ಎಂದು ಹೇಳಿದ್ದೆ. ಮಾಲೀಕರಿಗೆ ಹೇಳಿದೆ, ಅಜ್ಜಿಯ ಮಗಳಿಗೆ ಹೇಳಿದೆ, ಮನೆಯಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ ನಡೆದದ್ದೂ ಹಾಗೆಯೇ ಎಂಬಂತಾಯಿತು. ಅಷ್ಟರಲ್ಲಿ ಪೈಪ್ ಹಾಕಲು ಆ ರಸ್ತೆ ಅಗೆದರು, ನಾವು ಬೇರೆ ಕಡೆ ಕಲಿಸತೊಡಗಿದೆವು. ಟಾರು ಹಾಕಿ, ಮತ್ತೆ ಆ ಕಡೆ ಹೋಗಲು ಶುರುಮಾಡಿದ್ದು ಈ ವರ್ಷವೇ. ಅಜ್ಜಿ ಆಗಲೇ ಮಗಳ ಊರಿಗೆ ಹೋಗಿದ್ದರು. ಅವರು ಕೂರುತ್ತಿದ್ದ ಜಾಗ ರಸ್ತೆಯ ಎಡಗಡೆ.

ಸ್ಕೂಲಿನ ಫೋನಿನಲ್ಲಿ ಹುಡುಗಿಯ ನಂಬರ್ ಇನ್ನೂ ಇತ್ತು. ಫೋನ್ ಮಾಡಿ, ಒಂದು ಸಲ ನೋಡಬೇಕು ಎಂದೆ. ಸಂಜೆ ಬರಲು ಹೇಳಿದಳು. ಬಿ.ಟಿ.ಎಂ.ನಲ್ಲಿ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತುವಾಗ ಪ್ರತಿ ಹೆಜ್ಜೆಗೂ ಎಡಗಾಲನ್ನು ನೋಡಿಕೊಂಡೇ ಹತ್ತಿದೆ. ಅವಳು ಬಾಗಿಲಲ್ಲೇ ಕಾದಿದ್ದಳು. ಚಾ ಕೊಟ್ಟಳು. ಅವಳ ಗಂಡ ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ.

ಸುತ್ತಿ ಬಳಸಿ ಹೇಳಲು ಬರಲಿಲ್ಲ. "ಅವತ್ತು ಕ್ಲಚ್ ಒತ್ತಿದ್ದು ನೀನಲ್ಲಮ್ಮ, ನಾನು," ಎಂದೆ.

ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ತನ್ನ ಪಾದಗಳನ್ನು ನೋಡಿಕೊಳ್ಳುತ್ತ ಕೂತಳು.

"ಪೆಡಲ್ ತಾನ ಒಳಗ ಹೋತ್ರೀ ಅಂತ ನಾ ಅವತ್ತ ಹೇಳಿದ್ದೆ ಅಕ್ಕಾರ," ಎಂದಳು. "ಹೊಸಬರಿಗೆ ಹಂಗ ಅನಸ್ತದ, ಕಾಲು ಎಲ್ಲೈತಿ ಗೊತ್ತಾಗಂಗಿಲ್ಲ ಅಂದ್ರಿ ನೀವು."

ಅವಳು ಹಾಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ. ಟೀಚರಿಗೆ ಕೊಟ್ಟ ಉತ್ತರವನ್ನೇ ಎರಡು ವರ್ಷದ ಹಿಂದೆ ಇವಳಿಗೂ, ಅದೇ ಇಳಿಜಾರಿನಲ್ಲಿ ಕೊಟ್ಟಿದ್ದೆ.

ಆಮೇಲೆ ಅವಳು ಹೇಳಿದ್ದನ್ನು ಕೇಳುವುದು ಕಷ್ಟವಾಯಿತು. ತನಗೆ ಗೊತ್ತಿಲ್ಲದೆ ತನ್ನ ಕಾಲು ಏನೋ ಮಾಡಿತು ಎಂದು ಅವಳು ನಂಬಿಬಿಟ್ಟಿದ್ದಳು. ಕಾರು ಕಲಿಯುವುದನ್ನು ಬಿಟ್ಟಳು. ಮೊದಲಿನಿಂದ ಇದ್ದ ಸ್ಕೂಟರನ್ನೂ ಮಾರಿದಳು. ಮೆಟ್ರೊ ಪ್ಲಾಟ್‌ಫಾರ್ಮಿನಲ್ಲಿ ಗೋಡೆಗೆ ಒರಗಿಯೇ ನಿಲ್ಲುತ್ತಾಳೆ, ರೈಲು ಬರುವಾಗ ಕಾಲು ತಾನಾಗಿ ಮುಂದೆ ಹೋದರೆ ಎಂಬ ಹೆದರಿಕೆಗೆ. ತನ್ನ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವುದಿಲ್ಲ, ಗಂಡನೇ ಇಳಿಸಬೇಕು. ಆ ಕೆಲವು ವಾರ ನಾನು ಅನುಭವಿಸಿದ್ದನ್ನು ಅವಳು ಎರಡು ವರ್ಷ ಅನುಭವಿಸಿದ್ದಳು. ಅವಳಿಗೆ ಅದನ್ನು ಕೊಟ್ಟವಳು ನಾನು.

ಕ್ಷಮಿಸು ಎಂದೆ. ಅವಳು ಎದ್ದು ಹೋಗಿ ಗಂಡನನ್ನು ಕರೆದುಕೊಂಡು ಬಂದಳು.

"ಈಗ ಹೇಳಿದ್ರಲ್ಲ, ಇವರ ಮುಂದ ಇನ್ನೊಮ್ಮೆ ಹೇಳ್ರಿ," ಎಂದಳು.

ಹೇಳಿದೆ. ಆ ಮನುಷ್ಯ ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ಮಾಲೀಕರಿಗೆ ತಿಳಿಸಿದ್ದೀರಾ ಎಂದು ಕೇಳಿದ. ನಾಳೆ ತಿಳಿಸುತ್ತೇನೆ ಎಂದೆ. ಹೊರಡುವಾಗ ಅವಳು ಮೆಟ್ಟಿಲ ತುದಿಯವರೆಗೆ ಬಂದು ನಿಂತಳು, ಕೆಳಗೆ ಇಳಿಯಲಿಲ್ಲ. ಬರ್ತೀನಿ ಎಂದದ್ದಕ್ಕೆ ತಲೆಯಾಡಿಸಿದಳು.

ಮಾಲೀಕರಿಗೆ ಮಾರನೆಯ ದಿನ ಎಲ್ಲವನ್ನೂ ಹೇಳಿದೆ. ಅಜ್ಜಿಯ ಮಗಳಿಗೂ ಫೋನ್ ಮಾಡಿಸಿದೆ. ಮಾಲೀಕರು ಕೂಗಾಡಲಿಲ್ಲ. ಎರಡು ತಿಂಗಳು ನನ್ನನ್ನು ಆಫೀಸಿನಲ್ಲಿ ಕೂರಿಸಿ ಅರ್ಜಿ ತುಂಬಿಸುವ ಕೆಲಸ ಕೊಟ್ಟರು. ಆಮೇಲೆ, ಮೆಕ್ಯಾನಿಕ್ ಒಪ್ಪಿದರೆ ಮಾತ್ರ ಮತ್ತೆ ಸೀಟಿಗೆ ಎಂದರು.

ಮತ್ತೆ ಒಂದು ಭಾನುವಾರ, ಮತ್ತೆ ಅದೇ ರಸ್ತೆ. ಮೆಕ್ಯಾನಿಕ್ ಐದು ಸಲ ಇಳಿಸಿದರು. ಐದೂ ಸಲ ಎಂಜಿನ್ ಒಂದೇ ಸಮನೆ ಗುಂಯ್‌ಗುಟ್ಟಿತು. ಅವರು ಖುಷಿಯಾಗಿ ವಿಡಿಯೊ ತೋರಿಸಿದರು. ಕಾಲುಗಳು ಮ್ಯಾಟಿನ ಮೇಲೆ ಕದಲದೆ ಇದ್ದವು. ಆದರೆ ಆ ಜಾಗ ಬಂದಾಗ, ಐದು ಸಲವೂ, ಚಪ್ಪಲಿಯ ತುದಿಯಲ್ಲಿ ಎಡಗಾಲಿನ ಹೆಬ್ಬೆರಳು ಒಳಕ್ಕೆ ಮಡಚಿಕೊಂಡು ಮತ್ತೆ ಬಿಚ್ಚಿಕೊಂಡಿತು. ನನಗೆ ಅದು ಗೊತ್ತೇ ಆಗಿರಲಿಲ್ಲ. ಅವರಿಗೂ ತೋರಿಸಿದೆ. ಬೆರಳು ತಾನೆ, ಬಿಡಿ ಮೇಡಂ ಎಂದರು.

ಈಗ ಮತ್ತೆ ಕಲಿಸುತ್ತಿದ್ದೇನೆ. ಟೀಚರ್ ಲೈಸೆನ್ಸ್ ತೆಗೆದುಕೊಂಡರು. ಅವರಿಗೂ, ಆ ನರ್ಸಿಂಗ್ ಹುಡುಗಿಗೂ ವಿಷಯ ಹೇಳಿದೆ. ಹುಡುಗಿ ಆಮೇಲೆ ಬೇರೆ ಸ್ಕೂಲಿಗೆ ಹೋದಳು, ನನಗೆ ಬೇಸರವಾಗಲಿಲ್ಲ. ಬಿ.ಟಿ.ಎಂ.ನವಳಿಗೆ, ಕಲಿಯುವ ಮನಸ್ಸಿದ್ದರೆ ಯಾರ ಹತ್ತಿರ ಬೇಕಾದರೂ ಹೇಳಿಕೊಡಿಸುತ್ತೇನೆ ಎಂದು ಮೆಸೇಜ್ ಕಳಿಸಿದ್ದೇನೆ. ಓದಿದ್ದಾಳೆ, ಉತ್ತರ ಬಂದಿಲ್ಲ.

ಹೊಸಬರು ಬಂದರೆ ಮೊದಲ ದಿನ ಕಾರು ಶುರುಮಾಡುವ ಮುಂಚೆ, ಕಾಲಿನ ಕೆಳಗೆ ಪೆಡಲ್ ತಾನಾಗಿ ಹೋದ ಹಾಗೆ ಅನ್ನಿಸಿದರೆ ತಕ್ಷಣ ಹೇಳಿ, ನಿಮ್ಮ ಮಾತು ನಂಬುತ್ತೇನೆ ಎನ್ನುತ್ತೇನೆ. ಕೆಲವರು ನಗುತ್ತಾರೆ. ಹೋದ ತಿಂಗಳು ತ್ಯಾಗರಾಜನಗರದ ಒಬ್ಬರು ಮಾತ್ರ ನಗದೆ, ಸೀಟ್‌ಬೆಲ್ಟ್ ಹಾಕಿಕೊಳ್ಳುತ್ತ ಬಗ್ಗಿ ನನ್ನ ಕಾಲುಗಳನ್ನು ನೋಡಿದರು. ನೋಡಲಿ ಎಂದು ಸುಮ್ಮನೆ ಕೂತೆ.